ಕಣ್ಣುಗೂಡಿನ ಎಲುಬಿನಲ್ಲಿ ಗಡ್ಡೆ: ಹೆಸರು ತಿಳಿಯುವ ತನಕ ಭಯವೂ ಬೇಡ, ಉದಾಸೀನವೂ ಬೇಡ

ಕಳೆದ ಮಳೆಗಾಲದ ಒಂದು ಸಂಜೆ ಪರಿಚಯದ ಕುಟುಂಬವೊಂದು ನಮ್ಮ ಕಛೇರಿಗೆ ಬಂದಿತ್ತು. ತಂದೆಯ ಕೈಯಲ್ಲಿ ಸ್ಕ್ಯಾನಿಂಗ್ ಕೇಂದ್ರದ ದೊಡ್ಡ ಲಕೋಟೆ, ಜೊತೆಯಲ್ಲಿ ಏಳನೇ ತರಗತಿಯಲ್ಲಿ ಓದುವ ಮಗಳು. ಹುಡುಗಿಯ ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಕೆಳಗೆ ಇದ್ದಂತೆ, ಹುಬ್ಬಿನ ಮೇಲಿನ ಭಾಗ ತುಸು ಉಬ್ಬಿದಂತೆ ಕಾಣುತ್ತಿತ್ತು. ವೈದ್ಯರನ್ನು ಪುನಃ ಭೇಟಿಯಾಗಲು ಇನ್ನೂ ನಾಲ್ಕು ದಿನಗಳಿದ್ದವು. ಅಷ್ಟರೊಳಗೆ ವರದಿಯಲ್ಲಿದ್ದ 'ಲೀಶನ್' ಎಂಬ ಪದವನ್ನು ನೆಂಟರೊಬ್ಬರು ಓದಿ, 'ಇದು ಕ್ಯಾನ್ಸರ್' ಎಂದು ಹೇಳಿಬಿಟ್ಟಿದ್ದರು. ಮೂರು ರಾತ್ರಿ ಆ ಮನೆಯಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. "ಫಾದರ್, ಹೌದೋ ಅಲ್ಲವೋ, ನೀವೇ ಓದಿ ಹೇಳಿ" ಎಂದು ತಾಯಿ ಕೇಳಿಕೊಂಡರು.

ನಾವು ವೈದ್ಯರಲ್ಲ. ಆ ವರದಿಯ ಮೇಲೆ ತೀರ್ಪು ನೀಡುವ ಅರ್ಹತೆ ನಮಗಿಲ್ಲ ಎಂದು ಅಂದೇ ಹೇಳಿದೆವು. ಆದರೆ 'ಲೀಶನ್' ಎಂದರೆ ಕೇವಲ 'ಸಹಜವಲ್ಲದ ಬದಲಾವಣೆ ಇರುವ ಜಾಗ' ಎಂದಷ್ಟೇ ಅರ್ಥ, ಕ್ಯಾನ್ಸರ್ ಎಂದಲ್ಲ ಎಂಬುದನ್ನು ತಿಳಿಸಿದಾಗ ಆ ತಾಯಿಯ ಮುಖದಲ್ಲಿ ಕಂಡ ನೆಮ್ಮದಿಯೇ ಈ ಲೇಖನಕ್ಕೆ ಕಾರಣ. ಕಣ್ಣಿನ ಸುತ್ತಲಿನ ಎಲುಬಿನಲ್ಲಿ ಬೆಳೆಯುವ ಗಡ್ಡೆಗಳು ಅಪರೂಪ. ಅಪರೂಪವಾದುದರಿಂದಲೇ ಅವುಗಳ ಕುರಿತು ತಪ್ಪು ತಿಳುವಳಿಕೆಯೂ ಹೆಚ್ಚು. ಕೆಲವರು ಕೇಳಿದ ಕೂಡಲೇ ಧೈರ್ಯಗೆಡುತ್ತಾರೆ. ಇನ್ನು ಕೆಲವರು 'ನೋವಿಲ್ಲವಲ್ಲ' ಎಂದು ವರ್ಷಗಟ್ಟಲೆ ಸುಮ್ಮನಿರುತ್ತಾರೆ. ಎರಡೂ ಸರಿಯಲ್ಲ. ವೈದ್ಯರು ಇಂತಹ ಗಡ್ಡೆಯ ಹೆಸರನ್ನು ಹೇಗೆ ಕಂಡುಹಿಡಿಯುತ್ತಾರೆ, ಆ ಹೆಸರಿನಿಂದ ಏನು ಬದಲಾಗುತ್ತದೆ ಎಂಬುದನ್ನು ಓದುಗರ ಮುಂದಿಡುವುದು ನಮ್ಮ ಉದ್ದೇಶ.

ಏಳು ಎಲುಬುಗಳ ಗೂಡು

ನಮ್ಮ ಕಣ್ಣುಗುಡ್ಡೆ ಕುಳಿತಿರುವ ಕುಳಿಯನ್ನು ಕಣ್ಣುಗೂಡು ಎನ್ನುತ್ತೇವೆ. ಇದು ಎಣ್ಣೆ ಹೊಯ್ಯುವ ಲಾಳಿಕೆಯಂತೆ ಮುಂದೆ ಅಗಲವಾಗಿ, ಹಿಂದೆ ಹೋದಂತೆ ಕಿರಿದಾಗುತ್ತದೆ. ಹಣೆಯ ಎಲುಬು, ಕೆನ್ನೆಯ ಎಲುಬು, ಮೇಲ್ದವಡೆಯ ಎಲುಬು, ಕಣ್ಣೀರಿನ ಚೀಲದ ಬಳಿಯ ಸಣ್ಣ ಎಲುಬು, ಅಂಗುಳಿನ ಎಲುಬು, ಮೂಗಿನ ಪಕ್ಕದ ಎತ್ಮಾಯ್ಡ್ ಮತ್ತು ತಲೆಬುರುಡೆಯ ತಳದ ಸ್ಫೀನಾಯ್ಡ್ ಹೀಗೆ 7 ಎಲುಬುಗಳು ಸೇರಿ ಈ ಗೂಡು ಆಗಿದೆ. ಮೂಗಿನ ಕಡೆಯ ಗೋಡೆ ಕಾಗದದಷ್ಟು ತೆಳು. ಹೊರಗಿನ ಗೋಡೆ ಗಟ್ಟಿ.

ದೊಡ್ಡವರಲ್ಲಿ ಈ ಗೂಡಿನ ಒಟ್ಟು ಜಾಗ ಸುಮಾರು 30 ಮಿಲಿಲೀಟರ್. ಅದರಲ್ಲಿ ಸುಮಾರು 7 ಮಿಲಿಲೀಟರ್ ಕಣ್ಣುಗುಡ್ಡೆಗೆ. ಉಳಿದುದರಲ್ಲಿ ಸ್ನಾಯು, ಕೊಬ್ಬು, ರಕ್ತನಾಳ, ನರಗಳು. ಗೂಡಿನ ಗೋಡೆಗಳು ಎಲುಬಾದುದರಿಂದ ಅವು ಹಿಗ್ಗುವುದಿಲ್ಲ. ಗೋಡೆಯೇ ದಪ್ಪವಾಗತೊಡಗಿದರೆ ಅಥವಾ ಅಲ್ಲಿ ಗಡ್ಡೆ ಬೆಳೆದರೆ, ಒಳಗಿದ್ದ ಕಣ್ಣಿಗೆ ಹೋಗಲು ಇರುವ ದಾರಿ ಮುಂದಕ್ಕೆ ಮಾತ್ರ. ಆದುದರಿಂದ ಕಣ್ಣು ಹೊರಕ್ಕೆ ತಳ್ಳಲ್ಪಡುತ್ತದೆ. ಮೇಲೆ ಮೆದುಳು, ಪಕ್ಕದಲ್ಲಿ ಮತ್ತು ಕೆಳಗೆ ಸೈನಸ್ ಎಂಬ ಗಾಳಿಯ ಕೋಣೆಗಳು, ತುದಿಯಲ್ಲಿ ದೃಷ್ಟಿನರ ಹಾದುಹೋಗುವ ಇಕ್ಕಟ್ಟಾದ ಎಲುಬಿನ ಕೊಳವೆ. ಇಷ್ಟು ಹತ್ತಿರದ ನೆರೆಹೊರೆ ಇರುವುದರಿಂದ ಇಲ್ಲಿ ಸಣ್ಣ ಗಡ್ಡೆಯೂ ದೊಡ್ಡ ಪ್ರಶ್ನೆಯಾಗುತ್ತದೆ.

ಕಣ್ಣು ಯಾವ ಕಡೆಗೆ ಸರಿದಿದೆ?

ವೈದ್ಯರು ಮೊದಲು ಗಮನಿಸುವುದು ಕಣ್ಣು ಸರಿದ ದಿಕ್ಕನ್ನು. ಹಣೆಯ ಎಲುಬಿನಲ್ಲಿ ಗಡ್ಡೆಯಿದ್ದರೆ ಕಣ್ಣು ಕೆಳಕ್ಕೆ ಇಳಿಯುತ್ತದೆ. ಮೂಗಿನ ಪಕ್ಕದಲ್ಲಿದ್ದರೆ ಕಿವಿಯ ಕಡೆಗೆ ಸರಿಯುತ್ತದೆ. ಮೇಲ್ದವಡೆಯ ಕಡೆಯಿಂದ ಬಂದರೆ ಮೇಲಕ್ಕೆ ಏರುತ್ತದೆ. ಹೀಗೆ, ಯಂತ್ರದ ಸಹಾಯವಿಲ್ಲದೆಯೇ ಗಡ್ಡೆ ಎಲ್ಲಿರಬಹುದು ಎಂಬ ಅಂದಾಜು ಸಿಗುತ್ತದೆ. ಅನಂತರ ಒಂದು ಸರಳ ಅಳತೆ ಉಪಕರಣದಿಂದ ಎರಡೂ ಕಣ್ಣುಗಳು ಎಷ್ಟು ಮುಂದಿವೆ ಎಂದು ನೋಡುತ್ತಾರೆ. ಎರಡರ ನಡುವೆ 2 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕಾರಣ ಹುಡುಕಬೇಕು.

ಇಲ್ಲಿ ಒಂದು ಮಾತು. ಕಣ್ಣು ಮುಂದೆ ಬಂದ ಎಲ್ಲರಿಗೂ ಗಡ್ಡೆಯೇ ಇರಬೇಕೆಂದಿಲ್ಲ. ದೊಡ್ಡವರಲ್ಲಿ ಇದಕ್ಕೆ ಅತಿ ಸಾಮಾನ್ಯ ಕಾರಣ ಥೈರಾಯ್ಡ್ ಸಂಬಂಧಿ ಕಣ್ಣಿನ ಕಾಯಿಲೆ. ಮಕ್ಕಳಲ್ಲಿ ಜ್ವರದೊಂದಿಗೆ ಒಂದೆರಡು ದಿನಗಳಲ್ಲೇ ಕಣ್ಣು ಕೆಂಪಾಗಿ, ಬಾತು, ಹೊರಬಂದರೆ ಅದು ಹೆಚ್ಚಾಗಿ ಸೈನಸ್‌ನಿಂದ ಹರಡಿದ ಸೋಂಕು. ಅದು ತುರ್ತು ಪರಿಸ್ಥಿತಿ. ಮರುದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಎರಡನೆಯದು ವೇಗ. ದಿನಗಳಲ್ಲಿ ಬೆಳೆದುದು ಸೋಂಕು ಅಥವಾ ತೀವ್ರ ಸ್ವಭಾವದ ಗಡ್ಡೆ ಇರಬಹುದು. ವರ್ಷಗಳಲ್ಲಿ ನಿಧಾನವಾಗಿ ಬೆಳೆದುದು ಸಾಮಾನ್ಯವಾಗಿ ಸೌಮ್ಯ. ಇದಕ್ಕೆ ಮನೆಯ ಆಲ್ಬಮ್ ಬಹಳ ಉಪಯುಕ್ತ. ಹುಟ್ಟುಹಬ್ಬ, ಮದುವೆ, ಪ್ರಥಮ ಪರಮಪ್ರಸಾದದ ಹಳೆಯ ಫೋಟೋಗಳನ್ನು ಸಾಲಾಗಿ ಇಟ್ಟು ನೋಡಿದರೆ ಬದಲಾವಣೆ ಯಾವಾಗ ಶುರುವಾಯಿತು ಎಂಬುದು ತಿಳಿಯುತ್ತದೆ. ಅವನ್ನು ವೈದ್ಯರಲ್ಲಿಗೆ ಒಯ್ಯಲು ನಾಚಿಕೆ ಬೇಡ.

ಮೂರನೆಯದು ದೃಷ್ಟಿ. ಅಕ್ಷರಗಳ ಫಲಕ ಓದಿದರೆ ಸಾಲದು. ಒಂದು ಕಣ್ಣು ಮುಚ್ಚಿ ನೋಡುವಾಗ ಬಣ್ಣಗಳು, ಮುಖ್ಯವಾಗಿ ಕೆಂಪು, ಮಂಕಾಗಿ ಕಂಡರೆ ದೃಷ್ಟಿನರ ಒತ್ತಡದಲ್ಲಿದೆ ಎಂಬ ಸೂಚನೆ ಇರಬಹುದು. ಒಂದು ವಸ್ತು ಎರಡಾಗಿ ಕಾಣುವುದು, ಕೆನ್ನೆ ಅಥವಾ ಹಣೆ ಜೋಮು ಹಿಡಿಯುವುದು, ರಾತ್ರಿ ಎಚ್ಚರಗೊಳಿಸುವಂತಹ ನೋವು ಇವೆಲ್ಲ ತಡಮಾಡಬಾರದ ಲಕ್ಷಣಗಳು.

ವಯಸ್ಸು ಹೇಳುವ ಕಥೆ

ಒಂದೇ ಜಾಗದ ಉಬ್ಬು ಮೂರು ವರ್ಷದ ಮಗುವಿನಲ್ಲಿ ಒಂದು ಕಾಯಿಲೆ, ಅರುವತ್ತರ ಹಿರಿಯರಲ್ಲಿ ಬೇರೊಂದು ಕಾಯಿಲೆ.

ಚಿಕ್ಕ ಮಕ್ಕಳ ಹುಬ್ಬಿನ ಹೊರತುದಿಯಲ್ಲಿ ನಯವಾದ, ನೋವಿಲ್ಲದ ಗುಳ್ಳೆಯಂತಹ ಉಬ್ಬು ಕಂಡರೆ ಅದು ಬಹುತೇಕ 'ಡರ್ಮಾಯ್ಡ್' ಎಂಬ ಹುಟ್ಟಿನಿಂದಲೇ ಬಂದ ಚೀಲ. ಅದು ನಿಜಕ್ಕೂ ಎಲುಬಿನ ಗಡ್ಡೆಯಲ್ಲ. ಎಲುಬುಗಳು ಕೂಡುವ ಗೆರೆಯಲ್ಲಿ ಸಿಕ್ಕಿಕೊಂಡ ಚರ್ಮದ ಅಂಶ. ಶಸ್ತ್ರಚಿಕಿತ್ಸೆಯಿಂದ ಪೂರ್ಣವಾಗಿ ತೆಗೆಯಬಹುದು.

ಬೆಳೆಯುವ ಮಕ್ಕಳಲ್ಲಿ ಮತ್ತು ಹರೆಯದವರಲ್ಲಿ ಕಾಣುವುದು 'ಫೈಬ್ರಸ್ ಡಿಸ್‌ಪ್ಲೇಸಿಯಾ'. ಗಟ್ಟಿ ಎಲುಬಿನ ಜಾಗದಲ್ಲಿ ನಾರು ಮತ್ತು ಅಪಕ್ವ ಎಲುಬು ತುಂಬಿಕೊಂಡು ಗೋಡೆ ದಪ್ಪವಾಗುತ್ತದೆ. ಜಿ.ಎನ್.ಎ.ಎಸ್. ಎಂಬ ವಂಶವಾಹಿಯಲ್ಲಿ, ಗರ್ಭ ಕಟ್ಟಿದ ನಂತರ ಯಾವುದೋ ಒಂದು ಜೀವಕೋಶದಲ್ಲಿ ಆಗುವ ಬದಲಾವಣೆ ಇದಕ್ಕೆ ಕಾರಣ. ಆದುದರಿಂದ ಇದು ತಂದೆತಾಯಿಯಿಂದ ಬಂದುದಲ್ಲ. ಬಸುರಿನಲ್ಲಿ ತಾಯಿ ತಿಂದ ಆಹಾರದಿಂದಲೂ ಅಲ್ಲ, ಗ್ರಹಣದ ದಿನ ಹೊರಗೆ ಹೋದುದರಿಂದಲೂ ಅಲ್ಲ. ಈ ಮಾತನ್ನು ಒತ್ತಿ ಹೇಳಲು ಬಯಸುತ್ತೇವೆ, ಏಕೆಂದರೆ ನಮ್ಮ ಊರುಗಳಲ್ಲಿ ಇಂತಹ ಆಪಾದನೆ ಕೊನೆಗೆ ಬಂದು ಬೀಳುವುದು ತಾಯಂದಿರ ಮೇಲೆಯೇ. ಮೈಮೇಲೆ ಕಾಫಿ ಬಣ್ಣದ ದೊಡ್ಡ ಮಚ್ಚೆಗಳಿದ್ದರೆ ಅಥವಾ ಹೆಣ್ಣುಮಗು ತೀರಾ ಬೇಗನೆ ಋತುಮತಿಯಾಗಿದ್ದರೆ ವೈದ್ಯರಿಗೆ ತಿಳಿಸಬೇಕು. ಆಗ ಹಾರ್ಮೋನುಗಳ ಪರೀಕ್ಷೆಯೂ ಅಗತ್ಯ.

ಮಕ್ಕಳಲ್ಲಿ ಎಲುಬನ್ನು ಕೊರೆಯುವ 'ಲ್ಯಾಂಗರ್‌ಹಾನ್ಸ್ ಸೆಲ್ ಹಿಸ್ಟಿಯೋಸೈಟೋಸಿಸ್' ಎಂಬ ಉದ್ದ ಹೆಸರಿನ ಕಾಯಿಲೆಯೂ ಇದೆ. ಗೂಡಿನ ಮೇಲಿನ ಹೊರಮೂಲೆ ಅದಕ್ಕೆ ಇಷ್ಟದ ಜಾಗ. ಇನ್ನೊಂದು, ಐದು ವರ್ಷದೊಳಗಿನ ಮಗುವಿನ ಎರಡೂ ಕಣ್ಣುಗಳ ಸುತ್ತ, ಬಿದ್ದು ಪೆಟ್ಟಾಗದೆ, ಕಪ್ಪುನೀಲಿ ಕಲೆ ಕಾಣಿಸಿಕೊಳ್ಳುವುದು. ಹೊಟ್ಟೆಯ ಅಡ್ರಿನಲ್ ಗ್ರಂಥಿಯಲ್ಲಿ ಹುಟ್ಟಿದ 'ನ್ಯೂರೋಬ್ಲಾಸ್ಟೋಮಾ' ಎಂಬ ಕ್ಯಾನ್ಸರ್ ಕಣ್ಣುಗೂಡಿನ ಎಲುಬಿಗೆ ಹರಡಿದಾಗ ಹೀಗಾಗುತ್ತದೆ. ಕೆಲವು ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಕೂಡ ಕಣ್ಣಿನ ಬಳಿಯ ಗಡ್ಡೆಯಾಗಿಯೇ ಮೊದಲು ಕಾಣಿಸಬಹುದು. ಆದುದರಿಂದ ಸಾಧಾರಣ ರಕ್ತಪರೀಕ್ಷೆ, ಮೂತ್ರಪರೀಕ್ಷೆ, ಹೊಟ್ಟೆಯ ಸ್ಕ್ಯಾನ್ ಬರೆದುಕೊಟ್ಟರೆ 'ಕಣ್ಣಿಗೂ ಹೊಟ್ಟೆಗೂ ಏನು ಸಂಬಂಧ' ಎಂದು ತಳ್ಳಿಹಾಕಬಾರದು.

ದೊಡ್ಡವರಲ್ಲಿ ಸಾಮಾನ್ಯವಾದುದು 'ಆಸ್ಟಿಯೋಮಾ', ಅಂದರೆ ಎಲುಬಿನ ಮೇಲೆ ಎಲುಬೇ ಬೆಳೆದು ಕಲ್ಲಿನಂತೆ ಗಟ್ಟಿಯಾಗುವ ಸೌಮ್ಯ ಗಡ್ಡೆ. ಹಣೆಯ ಸೈನಸ್‌ನಲ್ಲಿ ಹೆಚ್ಚು. ಎಷ್ಟೋ ಮಂದಿಗೆ ತಲೆನೋವಿಗೆಂದು ಸ್ಕ್ಯಾನ್ ಮಾಡಿದಾಗ ಅಕಸ್ಮಾತ್ ಕಂಡುಬರುತ್ತದೆ. ಆದರೆ ಒಬ್ಬರಲ್ಲೇ ಹಲವು ಆಸ್ಟಿಯೋಮಾಗಳಿದ್ದರೆ ವೈದ್ಯರು ದೊಡ್ಡಕರುಳಿನ ಪರೀಕ್ಷೆ ಮಾಡಿಸುತ್ತಾರೆ. 'ಗಾರ್ಡ್‌ನರ್' ಎಂಬ ಆನುವಂಶಿಕ ತೊಂದರೆಯಲ್ಲಿ ಎಲುಬಿನ ಗಡ್ಡೆಗಳ ಜೊತೆ ಕರುಳಿನಲ್ಲಿ ನೂರಾರು ಪಾಲಿಪ್‌ಗಳಿರುತ್ತವೆ. ಅವನ್ನು ಹಾಗೆಯೇ ಬಿಟ್ಟರೆ ಮುಂದೆ ಕರುಳಿನ ಕ್ಯಾನ್ಸರ್ ಆಗುವುದು ಬಹುತೇಕ ಖಚಿತ. ಇಲ್ಲಿ ನಿರುಪದ್ರವಿ ಗಡ್ಡೆಯೊಂದು ಜೀವ ಉಳಿಸುವ ಎಚ್ಚರಿಕೆಯಾಗುತ್ತದೆ.

ನಡುವಯಸ್ಸಿನ ಮಹಿಳೆಯರಲ್ಲಿ ಮೆದುಳಿನ ಹೊದಿಕೆಯ 'ಮೆನಿಂಜಿಯೋಮಾ' ಸ್ಫೀನಾಯ್ಡ್ ಎಲುಬಿನೊಳಗೆ ನುಗ್ಗಿ ಅದನ್ನು ದಪ್ಪಗಾಗಿಸುವುದುಂಟು. ಹಿರಿಯರಲ್ಲಿ ಸ್ತನ, ಪ್ರೊಸ್ಟೇಟ್ ಮುಂತಾದೆಡೆಯ ಕ್ಯಾನ್ಸರ್ ಇಲ್ಲಿಗೆ ಹರಡಬಹುದು. 'ಮೈಲೋಮಾ' ಎಂಬ ಮಜ್ಜೆಯ ಕ್ಯಾನ್ಸರ್ ಎಲುಬಿನಲ್ಲಿ ರಂಧ್ರಗಳನ್ನು ಮಾಡಬಹುದು. ಸ್ತನ ಕ್ಯಾನ್ಸರ್ ಹರಡಿದಾಗ ಕಣ್ಣು ಹೊರಬರುವ ಬದಲು ಒಳಕ್ಕೆ ಕುಸಿಯುವುದೂ ಇದೆ. ಹತ್ತು ವರ್ಷಗಳ ಹಿಂದೆ ಆದ ಚಿಕಿತ್ಸೆಯನ್ನೂ ವೈದ್ಯರಿಗೆ ಮರೆಯದೆ ಹೇಳಬೇಕಾದುದು ಇದೇ ಕಾರಣಕ್ಕೆ.

ಚಿತ್ರ ಏನು ಹೇಳುತ್ತದೆ

ಎಲುಬನ್ನು ನೋಡಲು ಸಿ.ಟಿ. ಸ್ಕ್ಯಾನ್ ಉತ್ತಮ. ಎಲುಬಿನ ಸುತ್ತಲಿನ ಮೃದು ಭಾಗ, ದೃಷ್ಟಿನರ, ಮೆದುಳಿನ ಹೊದಿಕೆ ನೋಡಲು ಎಂ.ಆರ್.ಐ. ಉತ್ತಮ. ಒಂದು ಇನ್ನೊಂದಕ್ಕೆ ಬದಲಿಯಲ್ಲ. ಫೈಬ್ರಸ್ ಡಿಸ್‌ಪ್ಲೇಸಿಯಾ ಎಂ.ಆರ್.ಐ.ಯಲ್ಲಿ ಮಾತ್ರ ನೋಡಿದರೆ ಉಗ್ರ ಗಡ್ಡೆಯಂತೆ ಕಂಡು ದಾರಿ ತಪ್ಪಿಸುತ್ತದೆ, ಅದೇ ಸಿ.ಟಿ.ಯಲ್ಲಿ ಉಜ್ಜಿದ ಗಾಜಿನಂತೆ ಮಬ್ಬು ಬಿಳುಪಾಗಿ ಕಂಡು ಗುರುತು ಸಿಗುತ್ತದೆ. 'ಎರಡೆರಡು ಸ್ಕ್ಯಾನ್ ಏಕೆ, ಹಣ ಮಾಡಲಿಕ್ಕೋ' ಎಂಬ ಪ್ರಶ್ನೆಗೆ ಇದು ಉತ್ತರ. ಆದರೆ ಸಿ.ಟಿ.ಯಲ್ಲಿ ವಿಕಿರಣ ಇರುವುದರಿಂದ ಮಕ್ಕಳಿಗೆ ಬೇಕಾದಷ್ಟೇ ಮಾಡಬೇಕು. ಹಳೆಯ ಚಿತ್ರಗಳನ್ನು ಜೋಪಾನವಾಗಿಟ್ಟರೆ ಪುನಃ ಮಾಡಿಸುವ ಪ್ರಸಂಗ ಕಡಿಮೆ.

ವರದಿಯಲ್ಲಿ ಬರುವ ಕೆಲವು ಪದಗಳನ್ನು ತಿಳಿದುಕೊಳ್ಳೋಣ. 'ಸ್ಕ್ಲೆರೋಟಿಕ್' ಎಂದರೆ ಎಲುಬು ಗಟ್ಟಿಯಾಗಿದೆ. 'ಲಿಟಿಕ್' ಎಂದರೆ ಎಲುಬು ಕರಗಿದೆ. 'ಎಕ್ಸ್‌ಪಾನ್ಸೈಲ್' ಎಂದರೆ ಉಬ್ಬಿದೆ. ಅಂಚು ಸ್ಪಷ್ಟವಾಗಿದ್ದು ಸುತ್ತ ಬಿಳಿ ಗೆರೆಯಿದ್ದರೆ ಗಡ್ಡೆ ನಿಧಾನವಾಗಿ ಬೆಳೆದಿದೆ ಎಂಬ ಸೂಚನೆ. ಅಂಚು ಹರಿದುಹೋದಂತೆ ಇದ್ದು ಗಡ್ಡೆ ಎಲುಬು ಒಡೆದು ಹೊರಬಂದಿದ್ದರೆ ಅಥವಾ ಸೂರ್ಯನ ಕಿರಣಗಳಂತೆ ಹೊಸ ಎಲುಬು ಚಾಚಿದ್ದರೆ ಅದು ಉಗ್ರ ಸ್ವಭಾವದ್ದೆಂಬ ಸಂಶಯ ಬಲವಾಗುತ್ತದೆ. ಇವೆಲ್ಲ ಸೂಚನೆಗಳೇ ಹೊರತು ತೀರ್ಪಲ್ಲ.

'ಕತ್ತಿ ತಾಗಿದರೆ ಹರಡುತ್ತದೆಯೇ?'

ಆಸ್ಟಿಯೋಮಾ, ಫೈಬ್ರಸ್ ಡಿಸ್‌ಪ್ಲೇಸಿಯಾಗಳಂತಹವು ಚಿತ್ರದಲ್ಲೇ ಸ್ಪಷ್ಟವಾಗಿದ್ದರೆ ಎಷ್ಟೋ ಸಲ ತುಣುಕು ತೆಗೆಯುವ ಅಗತ್ಯವೇ ಬರುವುದಿಲ್ಲ. ಸಂಶಯ ಉಳಿದರೆ ಮಾತ್ರ ಬಯಾಪ್ಸಿ. ಈ ಹೆಸರು ಕೇಳಿದ ಕೂಡಲೇ 'ಕತ್ತಿ ತಾಗಿದರೆ ಗಡ್ಡೆ ಕೆರಳಿ ಹರಡುತ್ತದೆ' ಎಂದು ಹೆದರಿ ಹಿಂದೆ ಸರಿಯುವವರು ಬಹಳ. ಸರಿಯಾಗಿ ಯೋಜಿಸಿ ಮಾಡಿದ ಬಯಾಪ್ಸಿಯಿಂದ ಆಗುವ ಅಪಾಯಕ್ಕಿಂತ, ಹೆಸರು ತಿಳಿಯದೆ ಉಳಿದ ಉಗ್ರ ಗಡ್ಡೆಯಿಂದ ಆಗುವ ಅಪಾಯ ಎಷ್ಟೋ ದೊಡ್ಡದು. ಆದರೆ 'ಸರಿಯಾಗಿ ಯೋಜಿಸಿ' ಎಂಬ ಮಾತು ಮುಖ್ಯ. ಯಾವ ದಾರಿಯಲ್ಲಿ ತುಣುಕು ತೆಗೆಯುತ್ತಾರೋ ಆ ದಾರಿ ಮುಂದಿನ ಶಸ್ತ್ರಚಿಕಿತ್ಸೆಗೆ ಹೊಂದಬೇಕು. ಆದುದರಿಂದ ಮುಂದಿನ ಚಿಕಿತ್ಸೆ ಎಲ್ಲಿ ಆಗಬೇಕೋ ಅಲ್ಲಿಯೇ ಬಯಾಪ್ಸಿಯೂ ಆಗುವುದು ಒಳ್ಳೆಯದು.

ಫಲಿತಾಂಶ ತಡವಾಗುವುದಕ್ಕೂ ಕಾರಣವಿದೆ. ಎಲುಬಿನ ತುಣುಕನ್ನು ಹಾಗೆಯೇ ತೆಳುವಾಗಿ ಕೊಯ್ಯಲಾಗದು. ಅದರ ಸುಣ್ಣದ ಅಂಶವನ್ನು ದ್ರಾವಣದಲ್ಲಿ ಕರಗಿಸಿ ಮೃದುಗೊಳಿಸಲು ದಿನಗಳು ಬೇಕು. ಅನಂತರ ಸೂಕ್ಷ್ಮದರ್ಶಕದಲ್ಲಿ ನೋಡಿ, ಅಗತ್ಯವಿದ್ದರೆ ವಿಶೇಷ ಬಣ್ಣಗಳನ್ನು ಹಾಕಿ, ವಂಶವಾಹಿ ಪರೀಕ್ಷೆಗೂ ಕಳುಹಿಸುತ್ತಾರೆ. ಲ್ಯಾಂಗರ್‌ಹಾನ್ಸ್ ಕಾಯಿಲೆಯನ್ನು ಸಿ.ಡಿ. 1ಎ ಮತ್ತು ಲ್ಯಾಂಗೆರಿನ್ ಎಂಬ ಗುರುತುಗಳು ಖಚಿತಪಡಿಸುತ್ತವೆ. ಮಕ್ಕಳ 'ಯೂಯಿಂಗ್ ಸಾರ್ಕೋಮಾ'ವನ್ನು ಹೆಚ್ಚಾಗಿ 11 ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳ ಅದಲುಬದಲಿನಿಂದ ಗುರುತಿಸುತ್ತಾರೆ.

ಸೂಕ್ಷ್ಮದರ್ಶಕವೂ ಒಂಟಿಯಾಗಿ ಎಲ್ಲವನ್ನೂ ಹೇಳದು. ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೆ ಎಲುಬಿನಲ್ಲಿ 'ಬ್ರೌನ್ ಟ್ಯೂಮರ್' ಎಂಬ ಉಬ್ಬು ಬರುತ್ತದೆ. ತುಣುಕನ್ನು ನೋಡಿದರೆ ಅದು ದೈತ್ಯಕೋಶಗಳ ಗಡ್ಡೆಯ ಹಾಗೆಯೇ ಕಾಣುತ್ತದೆ. ವ್ಯತ್ಯಾಸ ಹೇಳುವುದು ರಕ್ತದಲ್ಲಿನ ಕ್ಯಾಲ್ಸಿಯಂ ಮತ್ತು ಪ್ಯಾರಾಥೈರಾಯ್ಡ್ ಹಾರ್ಮೋನಿನ ಪರೀಕ್ಷೆ. ಆ ಪರೀಕ್ಷೆ ಮಾಡದಿದ್ದರೆ, ಕುತ್ತಿಗೆಯಲ್ಲಿ ಆಗಬೇಕಾದ ಶಸ್ತ್ರಚಿಕಿತ್ಸೆ ಕಣ್ಣಿನ ಬಳಿ ಆಗಿಬಿಡಬಹುದು! ರೋಗಿಯ ಕಥೆ, ಸ್ಕ್ಯಾನ್ ಚಿತ್ರ, ತುಣುಕು ಈ ಮೂರೂ ಒಂದೇ ಮೇಜಿನ ಮೇಲೆ ಬಂದಾಗ ಮಾತ್ರ ಹೆಸರು ನಿಶ್ಚಯವಾಗುತ್ತದೆ.

ಹೆಸರಿನಿಂದ ಚಿಕಿತ್ಸೆ

ಎಲುಬಿನ ಗಡ್ಡೆಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದ ಪ್ರಕಾರ ಜೋಡಿಸುತ್ತಾರೆ. ಅದರ 5ನೇ ಆವೃತ್ತಿ 2020ರಲ್ಲಿ ಹೊರಬಂತು. ಎರಡು ಪ್ರಶ್ನೆಗಳನ್ನು ನೆನಪಿಟ್ಟರೆ ಸಾಮಾನ್ಯರಿಗೂ ಇದರ ತಿರುಳು ಅರ್ಥವಾಗುತ್ತದೆ. ಒಂದು, ಗಡ್ಡೆ ಏನನ್ನು ತಯಾರಿಸುತ್ತಿದೆ ಅಥವಾ ಎಲ್ಲಿಂದ ಬಂದಿದೆ: ಎಲುಬೇ, ಮೃದ್ವಸ್ಥಿಯೇ, ನಾರೇ, ದೈತ್ಯಕೋಶವೇ, ರಕ್ತನಾಳವೇ, ರಕ್ತದ ಕೋಶವೇ? ಎರಡು, ಅದರ ನಡತೆ ಏನು: ಸೌಮ್ಯವೇ, ಅಲ್ಲೇ ಇದ್ದು ಸುತ್ತಲಿನದನ್ನು ಹಾಳು ಮಾಡುವ ನಡುಸ್ವಭಾವದ್ದೇ, ಅಥವಾ ದೂರಕ್ಕೂ ಹರಡಬಲ್ಲ ಕ್ಯಾನ್ಸರೇ? ಬೇರೆ ಅಂಗದಿಂದ ಹರಡಿ ಬಂದುದನ್ನು ಪ್ರತ್ಯೇಕವಾಗಿ ಎಣಿಸುತ್ತಾರೆ.

ಕಣ್ಣುಗೂಡಿನಲ್ಲಿ ಮೂರನೆಯ ಪ್ರಶ್ನೆಯೊಂದು ಸೇರುತ್ತದೆ: ಎಲ್ಲಿದೆ? ಸೌಮ್ಯ ಗಡ್ಡೆಯಾದರೂ ದೃಷ್ಟಿನರದ ಕೊಳವೆಯ ಬಳಿ ಇದ್ದರೆ ಕುರುಡುತನ ತರಬಹುದು. 'ಕ್ಯಾನ್ಸರ್ ಅಲ್ಲ' ಎಂಬ ಮಾತನ್ನು 'ಇನ್ನು ಆಸ್ಪತ್ರೆಗೆ ಬರುವುದು ಬೇಡ' ಎಂದು ತಿಳಿಯಬಾರದು.

ಚಿಕಿತ್ಸೆಯ ದಾರಿಗಳು ಎಷ್ಟು ಭಿನ್ನವೆಂದು ನೋಡಿ. ತೊಂದರೆ ಕೊಡದ ಸಣ್ಣ ಆಸ್ಟಿಯೋಮಾವನ್ನು ಕಾಲಕಾಲಕ್ಕೆ ನೋಡುತ್ತಿದ್ದರೆ ಸಾಕು. ಫೈಬ್ರಸ್ ಡಿಸ್‌ಪ್ಲೇಸಿಯಾದ ಬೆಳವಣಿಗೆ ಹರೆಯ ದಾಟಿದ ಮೇಲೆ ಸಾಮಾನ್ಯವಾಗಿ ನಿಧಾನವಾಗುತ್ತದೆ; ದೃಷ್ಟಿ ಸರಿಯಾಗಿದ್ದರೆ ಅವಸರದ ಶಸ್ತ್ರಚಿಕಿತ್ಸೆ ಬೇಡ, ವಿಕಿರಣ ಚಿಕಿತ್ಸೆಯಂತೂ ಕೊಡಲೇಬಾರದು, ಏಕೆಂದರೆ ಸೌಮ್ಯವಾಗಿದ್ದುದು ಅದರಿಂದ ಕ್ಯಾನ್ಸರ್ ಆಗುವ ಅಪಾಯ ಹೆಚ್ಚುತ್ತದೆ. ಲ್ಯಾಂಗರ್‌ಹಾನ್ಸ್ ಕಾಯಿಲೆ ಒಂದೇ ಜಾಗದಲ್ಲಿದೆಯೋ ಮೈಯಲ್ಲಿ ಬೇರೆ ಕಡೆಯೂ ಇದೆಯೋ ಎಂದು ಮೊದಲು ಹುಡುಕಬೇಕು. ಯೂಯಿಂಗ್ ಸಾರ್ಕೋಮಾ ಮತ್ತು ಹೆಚ್ಚಿನ ಆಸ್ಟಿಯೋಸಾರ್ಕೋಮಾಗಳಲ್ಲಿ ಶಸ್ತ್ರಚಿಕಿತ್ಸೆಯ ಜೊತೆ ಕೀಮೋಥೆರಪಿಗೂ ದೊಡ್ಡ ಪಾತ್ರವಿದೆ. ಅಲ್ಲಿ ಪ್ರತಿಯೊಂದು ವಾರವೂ ಅಮೂಲ್ಯ. ಒಂದಕ್ಕೆ ಸರಿಯಾದುದು ಇನ್ನೊಂದಕ್ಕೆ ಹಾನಿ.

ಒಂದು ವರ್ಗದ ಕುಟುಂಬಗಳಿಗೆ ವಿಶೇಷ ಎಚ್ಚರಿಕೆ ಅಗತ್ಯ. ಶೈಶವದಲ್ಲಿ 'ರೆಟಿನೋಬ್ಲಾಸ್ಟೋಮಾ' ಎಂಬ ಕಣ್ಣಿನ ಕ್ಯಾನ್ಸರ್ ಬಂದು ಗುಣವಾದ ಮಕ್ಕಳಲ್ಲಿ, ಅದು ಆನುವಂಶಿಕ ರೀತಿಯದಾಗಿದ್ದರೆ, ಮುಂದೆ ಆಸ್ಟಿಯೋಸಾರ್ಕೋಮಾ ಬರುವ ಸಾಧ್ಯತೆ ಇತರರಿಗಿಂತ ಹೆಚ್ಚು. ಹೊರಗಿನಿಂದ ವಿಕಿರಣ ಪಡೆದಿದ್ದರೆ ಕಣ್ಣುಗೂಡಿನ ಸುತ್ತಲೇ ಬರಬಹುದು. ಅಂತಹವರು ದೊಡ್ಡವರಾದ ಮೇಲೂ ಹೊಸ ಉಬ್ಬು, ನೋವು ಕಂಡರೆ ಬಾಲ್ಯದ ಕಾಯಿಲೆಯನ್ನು ವೈದ್ಯರಿಗೆ ತಿಳಿಸಬೇಕು. ಮದುವೆ ಸಂಬಂಧಕ್ಕೆ ಅಡ್ಡಿಯಾದೀತೆಂದು ಕೆಲವು ಮನೆಗಳಲ್ಲಿ ಹಳೆಯ ಕಾಗದಗಳನ್ನೇ ಇಲ್ಲವಾಗಿಸುವುದನ್ನು ನಾವು ಕಂಡಿದ್ದೇವೆ. ದಯವಿಟ್ಟು ಹಾಗೆ ಮಾಡಬೇಡಿ.

ನಾವು ಏನು ಮಾಡಬಹುದು

ಇಂತಹ ತೊಂದರೆಗೆ ಕಣ್ಣು, ಕಿವಿ-ಮೂಗು-ಗಂಟಲು, ನರಶಸ್ತ್ರ, ಸ್ಕ್ಯಾನಿಂಗ್, ರೋಗಲಕ್ಷಣ ಪ್ರಯೋಗಾಲಯ, ಕ್ಯಾನ್ಸರ್ ವಿಭಾಗಗಳು ಒಂದೇ ಸೂರಿನಡಿ ಇರುವ ಆಸ್ಪತ್ರೆ ಬೇಕು. ಮಂಗಳೂರು, ಮಣಿಪಾಲಗಳ ವೈದ್ಯಕೀಯ ಕಾಲೇಜುಗಳಿಂದಾಗಿ ಕರಾವಳಿಯವರಿಗೆ ಇದು ದೂರದ ಮಾತಲ್ಲ. ಹೋಗುವಾಗ ಎಲ್ಲ ಸ್ಕ್ಯಾನ್‌ಗಳ ಸಿ.ಡಿ., ಹಳೆಯ ಫೋಟೋಗಳು, ಹಿಂದಿನ ಕಾಯಿಲೆಗಳ ಕಾಗದ, ಆಯುಷ್ಮಾನ್ ಕಾರ್ಡ್ ಜೊತೆಗಿರಲಿ. ಯಾವ ಚಿಕಿತ್ಸೆಗೆ ಎಷ್ಟು ನೆರವು ಸಿಗುತ್ತದೆ ಎಂಬುದನ್ನು ಆಸ್ಪತ್ರೆಯ ಸಹಾಯ ಕೇಂದ್ರದಲ್ಲಿ ಮೊದಲೇ ಕೇಳಿ. ಬಯಾಪ್ಸಿ ಆಗಿದ್ದರೆ ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕನ್ನು ಕೇಳಿ ಪಡೆದು ಇನ್ನೊಬ್ಬ ತಜ್ಞರಿಗೆ ತೋರಿಸಬಹುದು. ಇದರಿಂದ ಒಳ್ಳೆಯ ವೈದ್ಯರು ಬೇಸರಿಸುವುದಿಲ್ಲ. ನಾಲ್ಕು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ: ಇದರ ಹೆಸರೇನು? ಆ ಹೆಸರು ಎಷ್ಟು ಖಚಿತ? ದೃಷ್ಟಿನರಕ್ಕೆ ಎಷ್ಟು ಹತ್ತಿರ? ಕಾದು ನೋಡಿದರೆ ಏನಾಗಬಹುದು?

ಉಬ್ಬಿಗೆ ಎಣ್ಣೆ ತಿಕ್ಕುವುದು, ಒತ್ತಿ ಕರಗಿಸಲು ನೋಡುವುದು, ಬರೆ ಹಾಕುವುದು ಇವುಗಳಿಂದ ಎಲುಬಿನ ಗಡ್ಡೆ ಕರಗದು. ಅಮೂಲ್ಯ ತಿಂಗಳುಗಳು ಮಾತ್ರ ಕರಗುತ್ತವೆ.

ನಮ್ಮ ಕಛೇರಿಗೆ ಬಂದಿದ್ದ ಆ ಹುಡುಗಿಗೆ ಫೈಬ್ರಸ್ ಡಿಸ್‌ಪ್ಲೇಸಿಯಾ ಎಂದು ತಜ್ಞರು ನಿರ್ಧರಿಸಿದರು. ದೃಷ್ಟಿ, ಬಣ್ಣದ ಗ್ರಹಿಕೆ ಎರಡೂ ಸರಿಯಾಗಿದ್ದುದರಿಂದ ಶಸ್ತ್ರಚಿಕಿತ್ಸೆ ಮಾಡಲಿಲ್ಲ. ಆರು ತಿಂಗಳಿಗೊಮ್ಮೆ ಕಣ್ಣಿನ ಪರೀಕ್ಷೆಗೆ ಬರಬೇಕೆಂದು ತಿಳಿಸಿದ್ದಾರೆ. ಮುಂದೆ ಏನಾಗುವುದೆಂದು ಯಾರೂ ಬರೆದುಕೊಟ್ಟಿಲ್ಲ. ಆದರೆ ಏನನ್ನು ಗಮನಿಸಬೇಕೆಂದು ಈಗ ಆ ಮನೆಯವರಿಗೆ ಗೊತ್ತಿದೆ. ತಿಂಗಳಿಗೊಮ್ಮೆ ತಾಯಿ ಮಗಳ ಒಂದೊಂದೇ ಕಣ್ಣು ಮುಚ್ಚಿಸಿ, ಗೋಡೆಯ ಕ್ಯಾಲೆಂಡರಿನ ಕೆಂಪು ಅಂಕಿಗಳನ್ನು ಓದಿಸುತ್ತಾರಂತೆ. ಹುಡುಗಿ ಎಂಟನೇ ತರಗತಿಗೆ ಹೋಗುತ್ತಿದ್ದಾಳೆ.